ಕಂಬದ ಮೇಲಿನ ಕರಿ ಕಂಬಳಿ

ಗುಡ್ಡದ ಶಾಲೆಯ ಅಡುಗೆಯಕ್ಕನಿಗೆ ನಲವತ್ತನೇ ವಯಸ್ಸಿನಲ್ಲಿ ಓದಿನ ಗೀಳು ಹತ್ತಿದ್ದು ವಿದ್ಯೆಯ ಮೇಲಿನ ಮೋಹದಿಂದಲ್ಲ, ಒಂದು ಸುತ್ತೋಲೆಯಿಂದ. ಕೆಳಗಿನ ಪಟ್ಟಣದ ಕಚೇರಿಯಲ್ಲಿ ಯಾರೋ ಊಟ ಅರಗದೆ ಕೂತಿದ್ದಾಗ ಬರೆದಂತಿತ್ತು ಅದು. ಶಾಲೆಗಳ ಅಡುಗೆಯವರೆಲ್ಲ ಎಂಟನೇ ತರಗತಿ ಮಟ್ಟದ ಪರೀಕ್ಷೆಯೊಂದನ್ನು ಇಂಟರ್ನೆಟ್ಟಿನಲ್ಲೇ ಬರೆದು ಪಾಸಾಗಬೇಕು, ಇಲ್ಲದಿದ್ದರೆ ಮುಂದಿನ ತಿಂಗಳಿಂದ ಬರಬೇಕಾಗಿಲ್ಲ. ಅವಕಾಶ ಒಂದೇ ಸಲ. ಸೋಮವಾರ ಬೆಳಗ್ಗೆ ಹತ್ತಕ್ಕೆ ಶುರು. ಹತ್ತು ಇಪ್ಪತ್ತರೊಳಗೆ ಪರದೆಯ ಮುಂದೆ ಮುಖ ತೋರಿಸದವರು ಫೇಲು.

ಅಡುಗೆಯಕ್ಕ ಓದಿದ್ದು ಐದನೇ ತರಗತಿ. ಹನ್ನೊಂದು ವರ್ಷದಿಂದ ಆ ಶಾಲೆಯ ನಲವತ್ತಾರು ಮಕ್ಕಳಿಗೆ ಬೇಯಿಸಿ ಹಾಕುತ್ತಿದ್ದಳು. ಗಂಡ ಹೇಸರಗತ್ತೆಗಳ ಮೇಲೆ ಸಾಮಾನು ಹೇರಿಕೊಂಡು ತಿಂಗಳಲ್ಲಿ ಇಪ್ಪತ್ತು ದಿನ ದಾರಿಯಲ್ಲಿರುತ್ತಿದ್ದ. ಕತ್ತೆಗಳಿಗೆ ಕಾಲುನೋವು ಬಂದರೆ ಮಾತ್ರ ಮನೆ ನೆನಪಾಗುತ್ತಿತ್ತು. ಹಾಗಾಗಿ ಮನೆಯ ಒಲೆ ಉರಿಯುತ್ತಿದ್ದದ್ದೇ ಶಾಲೆಯ ಒಲೆಯ ದಯೆಯಿಂದ.

"ಬೇಳೆ ಬೇಯಿಸೋಕೆ ಎಂಟನೇ ಕ್ಲಾಸ್ ಯಾಕೆ ಬೇಕೇ?" ಎಂದು ಅತ್ತೆ ಕೇಳಿದಳು. "ಬೇಳೆನೇ ಓದಿಲ್ಲ."

"ಬೇಳೆಗೆ ಸಂಬಳ ಕೊಡಲ್ಲ ಅತ್ತೆ, ನನಗೆ ಕೊಡ್ತಾರೆ."

"ಹಾಗಾದ್ರೆ ಓದು. ಸಾಯೋ ಕಾಲಕ್ಕೆ ನನಗೂ ಒಂದು ಕಾಗದ ಓದಿ ಹೇಳೋರು ಸಿಕ್ಕಂಗಾಯ್ತು."

ಈ ಅತ್ತೆಯ ಕಥೆ ಮೊದಲು ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಊರೆಲ್ಲ ಅವಳನ್ನು ಕಂಬದಜ್ಜಿ ಎನ್ನುತ್ತಿತ್ತು. ಊರಿರುವುದು ಗುಡ್ಡದ ನೆತ್ತಿಯಲ್ಲಿ. ಕಣಿವೆಯ ಆಚೆ ಇನ್ನೊಂದು ಗುಡ್ಡ, ಅದರ ಮೇಲೆ ಇನ್ನೊಂದು ಊರು. ಅದನ್ನು ಇವರು ಎದುರುಗುಡ್ಡ ಎನ್ನುತ್ತಾರೆ, ಅವರು ಇದನ್ನು ಎದುರುಗುಡ್ಡ ಎನ್ನುತ್ತಾರೆ, ಇಷ್ಟು ವರ್ಷದಲ್ಲಿ ಯಾರಿಗೂ ಗೊಂದಲವಾಗಿಲ್ಲ. ಕಣ್ಣಿಗೆ ಕೈಯಳತೆ ದೂರ. ನಡೆದರೆ ಇಳಿದು ಹತ್ತುವಷ್ಟರಲ್ಲಿ ಒಂದು ಹಗಲು. ಅದಕ್ಕೇ ಎರಡೂ ಊರವರು ಅಜ್ಜ ಮುತ್ತಜ್ಜನ ಕಾಲದಿಂದ ಬಟ್ಟೆಯಲ್ಲಿ ಮಾತಾಡುತ್ತಿದ್ದರು. ಗುಡ್ಡದ ತುದಿಯ ಕಂಬಕ್ಕೆ ಕೆಂಪು ಬಟ್ಟೆ ಏರಿದರೆ ಹೆರಿಗೆ ನೋವು, ಸೂಲಗಿತ್ತಿ ಬೇಕು. ಬಿಳಿ ಏರಿದರೆ ಸಾವು. ಹಳದಿ ಏರಿದರೆ ಉಪ್ಪು ಮುಗಿದಿದೆ. ಕರಿ ಕಂಬಳಿ ಏರಿದರೆ ಸಾಹೇಬರು ಬಂದಿದ್ದಾರೆ.

ಕೆಳಗಿಂದ ನಡೆದು ಬರುವ ಯಾವ ಸಾಹೇಬರಾದರೂ ಮೊದಲು ಈ ಗುಡ್ಡ ಹತ್ತಿ, ಇಲ್ಲಿ ಕೂತು ಏದುಸಿರು ಬಿಟ್ಟು, ಆಮೇಲೆ ಎದುರುಗುಡ್ಡಕ್ಕೆ ಹೋಗಬೇಕು. ಎದುರುಗುಡ್ಡದಲ್ಲಿ ಸಾಹೇಬರ ಕಣ್ಣಿಗೆ ಬೀಳಬಾರದ್ದು ಸಾಕಷ್ಟಿತ್ತು. ಅದರಲ್ಲಿ ಮುಖ್ಯವಾದ್ದು ಕಳ್ಳಭಟ್ಟಿ. ಅಡುಗೆಯಕ್ಕನ ತವರು ಎದುರುಗುಡ್ಡ. ಭಟ್ಟಿ ಇಳಿಸುವವನು ಅವಳ ಒಡಹುಟ್ಟಿದ ಅಣ್ಣ. ಕರಿ ಕಂಬಳಿ ಕಂಡ ಕೂಡಲೇ ಕೊಡ ಎತ್ತಿಕೊಂಡು ಕಣಿವೆಯ ಕಡೆ ಓಡುವುದನ್ನು ಅವಳು ನಡೆಯಲು ಕಲಿತ ವರ್ಷದಿಂದಲೇ ಕಲಿತಿದ್ದಳು.

ನಲವತ್ತು ವರ್ಷದಿಂದೀಚೆ ಕಂಬದ ಹಗ್ಗ ಅತ್ತೆಯ ಕೈಯಲ್ಲಿತ್ತು. ಅತ್ತೆಗೆ ಹತ್ತಿರದ್ದು ಕಾಣದು. ತಟ್ಟೆಯಲ್ಲಿರುವುದು ಆಲೂಗಡ್ಡೆಯೋ ಕಲ್ಲೋ ಕಚ್ಚಿಯೇ ತಿಳಿಯಬೇಕು. ದೂರದ್ದು ಮಾತ್ರ ಹದ್ದಿನ ಕಣ್ಣು. ಎದುರುಗುಡ್ಡದಲ್ಲಿ ಯಾರು ಯಾರ ಮನೆಗೆ ಎಷ್ಟು ಹೊತ್ತಿಗೆ ಹೋದರು ಎಂಬುದನ್ನು ಹೋದವರಿಗಿಂತ ಚೆನ್ನಾಗಿ ಹೇಳುತ್ತಿದ್ದಳು. ನಲವತ್ತು ವರ್ಷದಲ್ಲಿ ಒಂದೇ ಒಂದು ಸುಳ್ಳು ಬಟ್ಟೆ ಏರಿಸಿದವಳಲ್ಲ. ಒಮ್ಮೆ ಊರಗೌಡನೇ ಬಂದು, ಸಾಲ ಕೊಟ್ಟವನು ಎದುರುಗುಡ್ಡದಲ್ಲಿ ಕಾಯುತ್ತಿದ್ದಾನೆ, ನಾನು ಸತ್ತೆ ಅಂತ ಬಿಳಿ ಏರಿಸು ಎಂದನಂತೆ. "ಮೊದಲು ನೀನು ಸಾಯಿ, ಆಮೇಲೆ ನಾನು ಏರಿಸ್ತೀನಿ" ಎಂದಳಂತೆ ಅತ್ತೆ.

ಹೀಗಿದ್ದಾಗ ಇಂಟರ್ನೆಟ್ ಬಂತು.

ಅದನ್ನು ಹೊತ್ತುಕೊಂಡು ಬಂದ ಎಂಜಿನಿಯರ್ ತೆಳ್ಳಗಿನ ಹುಡುಗ, ಎರಡು ದಿನ ಗುಡ್ಡವೆಲ್ಲ ಅಲೆದು, ಯಂತ್ರ ಹಿಡಿದು ಅಳೆದು ಕೊನೆಗೆ ಎದುರುಗುಡ್ಡ ನೇರವಾಗಿ ಕಾಣುವ ಜಾಗ ಒಂದೇ ಎಂದು ಕಂಡುಹಿಡಿದ. ಆ ಜಾಗದಲ್ಲಿ ಆಗಲೇ ಒಂದು ಕಂಬವಿತ್ತು. "ಇದನ್ನ ಮುಂಚೆ ಯಾರು ಸರ್ವೆ ಮಾಡಿದ್ರು?" ಎಂದು ಬೆರಗಾದ. ಅತ್ತೆಯ ಕಂಬಕ್ಕೆ ಬಿಳಿ ಕುಕ್ಕೆಯಂಥ ಡಿಶ್ ಬಿಗಿದ. ಪಟ್ಟಣದಿಂದ ಎದುರುಗುಡ್ಡಕ್ಕೆ ಒಂದು ನೆಗೆತ, ಅಲ್ಲಿಂದ ಇಲ್ಲಿಗೆ ಇನ್ನೊಂದು ನೆಗೆತ, ಹೀಗೆ ಇಂಟರ್ನೆಟ್ ಬರುತ್ತದೆ, ನಡುವೆ ಏನೂ ಅಡ್ಡ ಇರಬಾರದು ಎಂದು ಊರವರಿಗೆ ತಿಳಿಹೇಳಿದ. ಉದ್ಘಾಟನೆಗೆ ಬಂದ ದೊಡ್ಡ ಅಧಿಕಾರಿ, ಇನ್ನು ಜಗತ್ತೇ ನಿಮ್ಮ ಅಂಗೈಯಲ್ಲಿ ಎಂದು ಭಾಷಣ ಮಾಡಿ ಗುಂಡಿ ಒತ್ತಿದರು. ಪರದೆಯ ಮೇಲೆ ಜಗತ್ತು ತೆರೆದುಕೊಂಡಿತು. ಅದರಲ್ಲಿ ಒಂದು ಬೆಕ್ಕು ಸೌತೆಕಾಯಿ ಕಂಡು ಹೆದರಿ ನೆಗೆಯುತ್ತಿತ್ತು. ಊರು ಅದನ್ನು ಹದಿನೇಳು ಸಲ ನೋಡಿತು.

ಆದರೆ ಮಕ್ಕಳಿಗೆ ಲಾಭವಾದದ್ದು ಸುಳ್ಳಲ್ಲ. ಏಳು ತರಗತಿಗೆ ಮೇಷ್ಟ್ರು ಒಬ್ಬರೇ, ಅವರಿಗೆ ಗಣಿತವೆಂದರೆ ಮೊದಲಿಂದಲೂ ಅಷ್ಟಕ್ಕಷ್ಟೇ. ಈಗ ಎಲ್ಲೋ ದೂರದ ಟೀಚರೊಬ್ಬರು ಪರದೆಯಲ್ಲಿ ಭಿನ್ನರಾಶಿ ಹೇಳಿಕೊಡುತ್ತಿದ್ದರು. ಮೇಷ್ಟ್ರು ಹಿಂದಿನ ಬೆಂಚಿನಲ್ಲಿ ಕೂತು ಮಕ್ಕಳಿಗಿಂತ ಮೊದಲು ಟಿಪ್ಪಣಿ ಬರೆದುಕೊಳ್ಳುತ್ತಿದ್ದರು.

ನಷ್ಟವಾದದ್ದು ಅತ್ತೆಗೆ. ಶಾಲೆಯ ಅಂಗಳದಲ್ಲಿ ನಿಂತರೆ ಎಲ್ಲರ ಫೋನಿಗೂ ಜೀವ ಬರುತ್ತಿತ್ತು. ಹೆರಿಗೆ, ಸಾವು, ಉಪ್ಪು ಎಲ್ಲ ಫೋನಿನಲ್ಲೇ ಮುಗಿಯುತ್ತಿತ್ತು. ಹಗ್ಗ ಎಳೆ ಎಂದು ಯಾರೂ ಬರಲಿಲ್ಲ. ಒಂದು ಮಂಗಳವಾರ ಬೆಳಗ್ಗೆ ಅತ್ತೆ ತನ್ನ ಒದ್ದೆ ಲಂಗ ತಂದು ಕಂಬಕ್ಕೆ ಏರಿಸಿದಳು.

ಇಂಟರ್ನೆಟ್ ನಿಂತಿತು. ಎಂಜಿನಿಯರ್ ನಾಲ್ಕು ಗಂಟೆ ಹತ್ತಿ ಬಂದ. ಅಷ್ಟರಲ್ಲಿ ಲಂಗ ಒಣಗಿ ಇಳಿದಿತ್ತು, ಎಲ್ಲ ಸರಿಯಿತ್ತು. ಮರುವಾರ ಮತ್ತೆ ಹಾಗೇ. ಮೂರನೇ ಸಲ ಅವನು ಹೇಳದೆ ಕೇಳದೆ ಬಂದು, ತಲೆಯೆತ್ತಿ ನೋಡಿದ. ಡಿಶ್ಶಿನ ಮುಖದ ತುಂಬ ಹೂವಿನ ಚಿತ್ತಾರದ ಲಂಗ ಗಾಳಿಗೆ ಆಡುತ್ತಿತ್ತು. ಅವನು ಕಲ್ಲಿನ ಮೇಲೆ ಕೂತು ಬೆವರು ಒರೆಸಿಕೊಂಡ. ಹೋಗುವಾಗ ಕಂಬಕ್ಕೆ ಒಂದು ಫಲಕ ಕಟ್ಟಿಹೋದ: "ಇಲ್ಲಿ ಬಟ್ಟೆ ಒಣಗಿಸಬಾರದು." ಅತ್ತೆಗೆ ಓದು ಬಾರದು. ಬಂದಿದ್ದರೂ ಹತ್ತಿರದ್ದು ಕಾಣದು.

ಇತ್ತ ಅಡುಗೆಯಕ್ಕನ ಓದು ಸಾಗಿತ್ತು. ಕಲಿಸುವವಳು ಅವಳ ಹನ್ನೆರಡು ವರ್ಷದ ಮಗಳು. ಮೇಷ್ಟ್ರಾದರೆ ತಪ್ಪಿಗೆ ಕರುಣೆ ತೋರುತ್ತಿದ್ದರು. ಮಗಳಲ್ಲಿ ಅದರ ಸುಳಿವಿರಲಿಲ್ಲ. ಮಧ್ಯಾಹ್ನ ಪಾತ್ರೆ ತೊಳೆದ ಮೇಲೆ ತಾಯಿಯನ್ನು ಕಂಪ್ಯೂಟರಿನ ಮುಂದೆ ಕೂರಿಸುತ್ತಿದ್ದಳು.

"ಅಮ್ಮ, ಮೌಸ್‌ನ ಹಿಟ್ಟು ನಾದೋ ಹಾಗೆ ನಾದಬೇಡ."

"ಕೈಗೆ ಅದೇ ಗೊತ್ತಿರೋದು ಕಣೆ."

"ಮುಕ್ಕಾಲು ಅಂದ್ರೆ ಎಷ್ಟು?"

"ಮೂರು ಪಾವು."

"ಪಾವಲ್ಲ ಅಮ್ಮ. ಮೂರರ ಕೆಳಗೆ ನಾಲ್ಕು."

"ನಲವತ್ತಾರು ಮಕ್ಕಳಿಗೆ ದಿನಾ ಅಳೆದು ಹಾಕ್ತೀನಿ, ಯಾರೂ ಹಸ್ಕೊಂಡು ಹೋಗಿಲ್ಲ. ಆ ಪರೀಕ್ಷೆ ಮಾಡೋರು ಬಂದು ಅಳೆದು ತೋರಿಸ್ಲಿ."

"ಅವರು ಬರಲ್ಲ, ನೀನೇ ಹೋಗ್ಬೇಕು. ಬರಿ, ಇನ್ನೊಂದ್ಸಲ."

ನಿಜ ಹೇಳಬೇಕೆಂದರೆ ಅಡುಗೆಯಕ್ಕನಿಗೆ ಒಳಗೊಳಗೇ ಭಯವಿತ್ತು. ಕೆಲಸ ಹೋದರೆ ಗಂಡನ ಕತ್ತೆಗಳ ಹಿಂದೆ ನಡೆಯಬೇಕು. ಮಗಳು ಶಾಲೆ ಬಿಟ್ಟು ಅಜ್ಜಿಗೆ ಆಲೂಗಡ್ಡೆ ಯಾವುದು, ಕಲ್ಲು ಯಾವುದು ಎಂದು ಹೇಳುತ್ತ ಮನೆಯಲ್ಲಿರಬೇಕು. ಹಾಗಾಗಿ ಬೇಳೆ ಕಡೆಯುವಾಗಲೂ ಬಾಯಲ್ಲಿ ಮಗ್ಗಿ ಹೇಳುತ್ತಿದ್ದಳು. ಒಂದು ದಿನ ಹದಿಮೂರರ ಮಗ್ಗಿಯಲ್ಲಿ ಸಿಕ್ಕಿಬಿದ್ದು ಎರಡು ಸಲ ಉಪ್ಪು ಹಾಕಿದಳು. ಮಕ್ಕಳು ಉಣ್ಣುತ್ತಲೇ ಕಣ್ಣು ಕೆಂಪು ಮಾಡಿಕೊಂಡು ಅವಳ ವಿದ್ಯಾಭ್ಯಾಸಕ್ಕೆ ಸಹಕರಿಸಿದರು.

ಸೋಮವಾರ ಬಂತು. ಬಿಸಿಲು ಚೊಕ್ಕಟವಾಗಿತ್ತು. ಅಡುಗೆಯಕ್ಕ ಎಂಟಕ್ಕೇ ಅನ್ನ ಮಾಡಿ, ಹಂಡೆ ಆರದಂತೆ ದಪ್ಪ ಕಂಬಳಿ ಸುತ್ತಿಟ್ಟು, ಮುಖ ತೊಳೆದು ಕೂತಳು. ಹತ್ತಕ್ಕೆ ಐದು ನಿಮಿಷ ಇರುವಾಗ ಮಗಳು ಗುಂಡಿ ಒತ್ತಿದಳು. ಪರದೆಯ ನಡುವೆ ಒಂದು ಚಕ್ರ ತಿರುಗತೊಡಗಿತು. ಹತ್ತಾಯಿತು. ಚಕ್ರ ತಿರುಗುತ್ತಲೇ ಇತ್ತು. ಹತ್ತು ಐದಾಯಿತು. ಮೇಷ್ಟ್ರು ತಂತಿ ಎಳೆದು ಮತ್ತೆ ಸಿಕ್ಕಿಸಿದರು. ಅವರಿಗೆ ಗೊತ್ತಿದ್ದ ರಿಪೇರಿ ಅಷ್ಟೇ. ಎಂಜಿನಿಯರಿಗೆ ಹೇಳೋಣವೆಂದು ಫೋನ್ ತೆಗೆದರೆ ಫೋನೂ ಸತ್ತಿತ್ತು, ಅದರ ಜೀವವೂ ಅದೇ ಡಿಶ್ಶಿನಲ್ಲಿತ್ತಲ್ಲ.

ಅಡುಗೆಯಕ್ಕನ ತಲೆಯೊಳಗೆ ಹೂವಿನ ಚಿತ್ತಾರದ ಲಂಗ ಹಾರಾಡಿತು. ಎದ್ದವಳೇ ಗುಡ್ಡದ ತುದಿಗೆ ಓಡಿದಳು. ಅತ್ತೆ ಕಂಬದ ಬುಡದಲ್ಲಿ ಬಿಸಿಲು ಕಾಯುತ್ತ ಕೂತಿದ್ದಳು.

"ಅತ್ತೆ, ಇವತ್ತೊಂದು ದಿನ ಬಿಡಿ ಅಂತ ಕಾಲು ಹಿಡ್ಕೊಂಡಿದ್ನಲ್ಲ. ಏನು ಒಣಗಿಸಿದ್ದೀರಿ?"

"ನನ್ನ ಮೈ ಒಣಗಿಸ್ತಾ ಇದೀನಿ. ಮೇಲೆ ನೋಡಿ ಮಾತಾಡು."

ಅಡುಗೆಯಕ್ಕ ತಲೆಯೆತ್ತಿದಳು. ಕಂಬ ಬರಿದಾಗಿತ್ತು. ಡಿಶ್ಶು ಈಗಷ್ಟೇ ತೊಳೆದ ತಟ್ಟೆಯ ಹಾಗೆ ಹೊಳೆಯುತ್ತಿತ್ತು. ಸೊಸೆಯಾಗಿ ಬಂದ ಹದಿನಾರು ವರ್ಷದಲ್ಲಿ ಮೊದಲ ಸಲ ಅತ್ತೆಯದು ತಪ್ಪಿರಲಿಲ್ಲ, ಅದೂ ಇವತ್ತೇ.

"ಹಾಗಾದ್ರೆ ಇಂಟರ್ನೆಟ್ ಯಾಕೆ ಬರ್ತಿಲ್ಲ?"

ಅತ್ತೆ ಹಣೆಗೆ ಕೈ ಅಡ್ಡ ಹಿಡಿದು ಕಣಿವೆಯಾಚೆ ನೋಡಿದಳು. ನೋಡಿ, ಬಾಯಿ ಸೊಟ್ಟ ಮಾಡಿದಳು.

"ನಿಮ್ಮ ಅತ್ತಿಗೆ ಕಂಬಳಿ ಒಗೆದವಳೆ. ಚಳಿಗಾಲ ಮುಗಿದ ಮೇಲೆ ಇವತ್ತೇ ಜ್ಞಾನ ಬಂದಿದೆ ಮಹಾರಾಣಿಗೆ. ನೀರು ಹಿಂಡ್ದೇನೇ ತಂದು ಅಲ್ಲಿನ ಡಿಶ್ ಮೇಲೆ ಹೊದಿಸಿದ್ದಾಳೆ. ಮದುಮಗಳ ಹಾಗೆ ಕೂತಿದೆ ನೋಡು."

"ನನ್ನನ್ನ ಕೊಂದ್ಲು."

"ತವರಿನವರ ಪ್ರೀತಿ," ಎಂದಳು ಅತ್ತೆ, ತುಂಬ ಸುಖವಾಗಿ.

ಮಗಳು ಏದುಸಿರು ಬಿಡುತ್ತ ಬಂದಳು. "ಹತ್ತು ಎಂಟಾಯ್ತು ಅಮ್ಮ."

ಕೂಗಿದರೆ ಕೇಳದು. ಫೋನಿಲ್ಲ. ನಡೆದರೆ ನಾಳೆ. ಅಡುಗೆಯಕ್ಕ ಎದುರುಗುಡ್ಡವನ್ನೂ ಕಂಬವನ್ನೂ ಕಂಬದ ರಾಟೆಯ ಹಗ್ಗವನ್ನೂ ನೋಡಿದಳು. ಕಂಬಳಿ ತೆಗೆಯಿರಿ ಎನ್ನುವುದಕ್ಕೆ ಬಟ್ಟೆ ಭಾಷೆಯಲ್ಲಿ ಮಾತಿಲ್ಲ. ಆದರೆ ಕಂಬಳಿಯಷ್ಟೇ ಅಲ್ಲ, ಊರಲ್ಲಿ ಹೊರಗಿದ್ದದ್ದನ್ನೆಲ್ಲ ಒಂದೇ ಉಸಿರಿಗೆ ಒಳಗೆ ಎಳೆಸುವ ಮಾತು ಒಂದಿತ್ತು. ಅದನ್ನು ಅವಳು ನಡೆಯುವುದರ ಜೊತೆಗೇ ಕಲಿತಿದ್ದಳು.

"ಅತ್ತೆ, ಕರಿ ಕಂಬಳಿ ಏರಿಸಿ."

ಅತ್ತೆ ಹಗ್ಗವನ್ನು ಎದೆಗೆ ಹಿಡಿದುಕೊಂಡಳು. "ಸಾಹೇಬರು ಎಲ್ಲಿದ್ದಾರೆ?"

"ಇಲ್ಲ. ಆದ್ರೆ..."

"ಸಾಹೇಬರಿಲ್ದೆ ಕರಿ ಏರಿಸೋದಾ? ನಲವತ್ತು ವರ್ಷ ಆಯ್ತು ಕಣೆ. ಗೌಡನಿಗೇ ಏರಿಸಿಲ್ಲ."

"ನಿಮ್ಮ ಮಗನ ಕತ್ತೆ ಹಿಂದೆ ನಡೀಬೇಕಾಗುತ್ತೆ ನಾನು."

"ಕತ್ತೆಗಳು ಒಳ್ಳೇವು."

"ಹತ್ತು ಹತ್ತಾಯ್ತು," ಎಂದಳು ಮಗಳು.

ಅಷ್ಟರಲ್ಲಿ ಮೇಷ್ಟ್ರೂ ಬಂದು ನಿಂತಿದ್ದರು. "ಅಜ್ಜಿ, ನಾನೂ ಸರ್ಕಾರದ ಸಂಬಳ ತಗೊಳ್ಳೋನೇ. ನನ್ನನ್ನೇ ಸಾಹೇಬ ಅಂತ ತಿಳ್ಕೊಳ್ಳಿ."

ಅತ್ತೆ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಹತ್ತಿರದ್ದು ಕಾಣದಿದ್ದರೂ ಅಷ್ಟು ಕಂಡಿರಬೇಕು. "ನೀವು ಚೆಡ್ಡಿ ಹಾಕ್ಕೊಂಡು ಕಟ್ಟಿಗೆ ಒಡೆಯೋದನ್ನ ಎದುರುಗುಡ್ಡದೋರೂ ನೋಡಿದ್ದಾರೆ ಮೇಷ್ಟ್ರೇ. ಬೇಡ."

ಮಗಳು ಅಜ್ಜಿಯ ಪಕ್ಕ ಕೂತಳು. ತಾಯಿಯ ಮೇಲೆ ತೋರದ ಕರುಣೆಯನ್ನೆಲ್ಲ ಅವಳು ಅಜ್ಜಿಗಾಗಿ ಉಳಿಸಿಟ್ಟಿದ್ದಳೋ ಏನೋ. "ಅಜ್ಜಿ, ಪರೀಕ್ಷೆ ಬರೆಯೋವಾಗ ಕಾಪಿ ಹೊಡೀತಾರಾ ಅಂತ ನೋಡೋಕೆ ಒಬ್ರು ಸಾಹೇಬರು ಬರ್ತಾರೆ. ಕಂಪ್ಯೂಟರಲ್ಲಿ. ಅವರ ಮುಖ ನಮಗೆ ಕಾಣ್ಸುತ್ತೆ, ನಮ್ಮ ಮುಖ ಅವರಿಗೆ."

"ನಿಜವಾದ ಸಾಹೇಬರಾ?"

"ಟೈ ಕಟ್ಟಿರ್ತಾರೆ."

"ನಮ್ಮ ಊರೊಳಗೆ ಬರ್ತಾರಾ?"

"ನಮ್ಮ ಶಾಲೆ ಕೋಣೆಯೊಳಗೇ."

ಅತ್ತೆ ಯೋಚಿಸಿದಳು. ಅಡುಗೆಯಕ್ಕನಿಗೆ ಆ ಯೋಚನೆ ಒಂದು ಹೆರಿಗೆಯಷ್ಟು ಉದ್ದ ಅನಿಸಿತು.

"ಹಾಗಾದ್ರೆ ಸಾಹೇಬರು ಬರ್ತಿರೋದು ನಿಜಾನೇ," ಎಂದಳು ಅತ್ತೆ ಕೊನೆಗೆ. "ಸುಳ್ಳಾಗಲ್ಲ. ಆದ್ರೆ ಒಂದು ಮಾತು. ಇವತ್ತಿಂದ ಮಂಗಳವಾರ ಕಂಬ ನನ್ನದು. ಲಂಗ ಹಾಕ್ತೀನೋ, ಬರೀ ಹಗ್ಗ ಎಳೀತೀನೋ, ಯಾರೂ ಕೇಳಬಾರದು."

"ಮಂಗಳವಾರ ಏನು, ನಿಮ್ಮ ಮಗನ್ನೂ ಇಟ್ಕೊಳ್ಳಿ."

"ಅವನು ಬೇಡ. ಕರಿ ಕಂಬಳಿ ಎಲ್ಲಿ?"

ಕಂಬ ಕೆಲಸ ಕಳೆದುಕೊಂಡ ಮೇಲೆ ಕರಿ ಕಂಬಳಿಗೆ ಅಡುಗೆಯಕ್ಕ ಬೇರೆ ಕೆಲಸ ಕೊಟ್ಟಿದ್ದಳು. ಈ ಹೊತ್ತಿನಲ್ಲಿ ಅದು ಅನ್ನದ ಹಂಡೆಯನ್ನು ತಬ್ಬಿಕೊಂಡಿತ್ತು. ಅವಳು ಅಡುಗೆಮನೆಗೆ ಓಡಿದಳು, ಎಳೆದುಕೊಂಡು ಓಡಿಬಂದಳು. ಅತ್ತೆ ಕಂಬಳಿಯನ್ನು ಮೂಸಿ ನೋಡಿದಳು. ಅದರ ಮೇಲೆ ಅಂಟಿದ್ದ ಒಂದು ಅಗುಳನ್ನು ಬೆರಳಿಂದ ತೆಗೆದಳು, ಸೊಸೆಯ ಕಡೆ ಒಂದು ನೋಟ ಬೀರಿದಳು. ಆ ನೋಟದ ಲೆಕ್ಕ ಮುಂದಿನ ಹತ್ತು ವರ್ಷಕ್ಕೆ ಸಾಕಾಗುವಷ್ಟಿತ್ತು. ಆಮೇಲೆ ಹಗ್ಗ ಎಳೆದಳು.

ರಾಟೆ ಕಿರುಗುಟ್ಟಿತು. ಕರಿ ಕಂಬಳಿ ಏರಿತು.

ಒಂದು ಗಳಿಗೆ ಎದುರುಗುಡ್ಡ ಸುಮ್ಮನಿತ್ತು. ಆಮೇಲೆ ಇರುವೆ ಗೂಡಿಗೆ ಕಡ್ಡಿ ಹಾಕಿದಂತಾಯಿತು. ಮನೆಗಳಿಂದ ಜನ ಹೊರಗೆ ಚೆಲ್ಲಿದರು. ಭಟ್ಟಿಯ ಹೊಗೆ ತಟ್ಟನೆ ನಿಂತಿತು. ಕೊಡಗಳು ಕಣಿವೆಯ ಕಡೆ ಓಡಿದವು.

"ನಿಮ್ಮಣ್ಣ ಎರಡೂ ಕೈಲಿ ಎರಡು ಕೊಡ ಹಿಡ್ಕೊಂಡು ಓಡ್ತಾವ್ನೆ," ಎಂದು ಅತ್ತೆ ವರದಿ ಕೊಟ್ಟಳು. "ಬಿದ್ದ. ಎದ್ದ. ಒಂದು ಕೊಡ ಹೋಯ್ತು. ನಿಮ್ಮತ್ತಿಗೆ ಹಗ್ಗದ ಮೇಲಿದ್ದ ಬಟ್ಟೆ ಬಾಚ್ಕೊಂಡ್ಲು. ಕಂಬಳಿ... ಕಂಬಳಿ ಬಿಟ್ಳು. ಅಯ್ಯೋ ಇವಳ. ಹಾಂ, ತಿರುಗಿ ಬಂದ್ಲು. ಎಳೆದ್ಲು."

"ಬಂತಾ?"

"ಬಂತು. ಅವಳ ಮೇಲೇ ಬಿತ್ತು. ಒಳಗೆ ಒದ್ದಾಡ್ತಾ ಇದ್ದಾಳೆ."

"ನಮ್ಮದು ಇಳಿಸಿ ಅತ್ತೆ, ಇಳಿಸಿ," ಎನ್ನುತ್ತಲೇ ಅಡುಗೆಯಕ್ಕ ಸೆರಗು ಸಿಕ್ಕಿಸಿಕೊಂಡು ಶಾಲೆಯ ಕಡೆ ಓಡಿದಳು. ಕುರ್ಚಿಯ ಮೇಲೆ ಬಿದ್ದಾಗ ಹತ್ತು ಹದಿನೆಂಟು. ಚಕ್ರ ಇನ್ನೊಂದು ಸುತ್ತು ತಿರುಗಿ, ಮನಸ್ಸು ಬದಲಾಯಿಸಿದಂತೆ ಮಾಯವಾಯಿತು. ಟೈ ಕಟ್ಟಿದ ಒಬ್ಬರು ಪರದೆಯ ಮೂಲೆಯಲ್ಲಿ ಕಾಣಿಸಿಕೊಂಡರು. ಮಗಳೂ ಮೇಷ್ಟ್ರೂ ನಿಯಮದ ಪ್ರಕಾರ ಹೊರಗೆ ಹೋದರು.

"ನಿಮ್ಮ ಹಿಂದೆ ನಿಂತಿರೋರು ಯಾರು?" ಎಂದರು ಟೈ ಸಾಹೇಬರು.

ಅಡುಗೆಯಕ್ಕ ತಿರುಗಿ ನೋಡಿದಳು. ಅತ್ತೆ ತಾನು ಕೊಟ್ಟ ಸುದ್ದಿ ನಿಜವೋ ಅಲ್ಲವೋ ಎಂದು ಪರೀಕ್ಷಿಸಲು ಬಂದಿದ್ದಳು. ಹತ್ತಿರದ್ದು ಕಾಣದೆ ಬಾಗಿಲವರೆಗೆ ಹಿಂದಕ್ಕೆ ಸರಿದು, ಅಲ್ಲಿಂದ ಸಾಹೇಬರ ಟೈಯನ್ನು ಚೆನ್ನಾಗಿ ನೋಡಿದಳು.

"ನಮ್ಮತ್ತೆ, ಸಾರ್."

"ಹೊರಗೆ ಕಳಿಸಿ."

"ನೀವೇ ಹೇಳಿ ಸಾರ್. ಹದಿನಾರು ವರ್ಷದಿಂದ ನನ್ನ ಕೈಲಿ ಆಗಿಲ್ಲ."

ಅತ್ತೆ ತಲೆಯಾಡಿಸಿದಳು. "ಇದ್ದಾರೆ. ಸಾಹೇಬರೇ," ಎಂದು ಸಮಾಧಾನದಿಂದ ತಾನೇ ಹೊರಟುಹೋದಳು.

ಪ್ರಶ್ನೆ ಐವತ್ತಿದ್ದವು. ಮುಕ್ಕಾಲು ಬಂತು, ಅವಳು ಮನಸ್ಸಿನಲ್ಲಿ ಮೂರು ಪಾವು ಅಳೆದು, ಬೆರಳಲ್ಲಿ ಮೂರರ ಕೆಳಗೆ ನಾಲ್ಕು ಬರೆದಳು. ಹದಿಮೂರರ ಮಗ್ಗಿ ಬಂತು, ಬಾಯಿ ಉಪ್ಪಾಯಿತು. ಇನ್ನೊಂದು ಪ್ರಶ್ನೆ, ಇವುಗಳಲ್ಲಿ ಅತ್ಯಂತ ವೇಗದ ಸಂಪರ್ಕ ಸಾಧನ ಯಾವುದು ಎಂದಿತ್ತು. ಅಂಚೆ, ದೂರವಾಣಿ, ವೃತ್ತಪತ್ರಿಕೆ, ಇಂಟರ್ನೆಟ್. ಅವಳು ಕಂಬಳಿ ಎಲ್ಲಾದರೂ ಇದೆಯೇ ಎಂದು ಒಮ್ಮೆ ಕೆಳಗಿನವರೆಗೂ ಹುಡುಕಿದಳು. ಇರಲಿಲ್ಲ. ಅಂಕ ಕೊಡುವವರ ಜೊತೆ ಜಗಳ ಯಾಕೆಂದು ಇಂಟರ್ನೆಟ್ ಒತ್ತಿದಳು.

ಮಧ್ಯಾಹ್ನ ಮಕ್ಕಳು ತಣ್ಣನೆಯ ಅನ್ನ ಉಂಡರು.

ಮರುದಿನ ಸಂಜೆ ಅಣ್ಣ ಕಣಿವೆ ಇಳಿದು ಹತ್ತಿ ಬಂದ. ಮಂಡಿ ತರಚಿತ್ತು. ಅಂಗಳದಲ್ಲಿ ಅತ್ತೆ ಒಣಗಿದ ಲಂಗ ಮಡಿಸುತ್ತಿದ್ದಳು.

"ಸಾಹೇಬರು ಎಲ್ಲಿ ಅಮ್ಮಾ? ನಿನ್ನೆಯಿಂದ ಕಾದ್ರೂ ನಮ್ಮ ಕಡೆ ಒಂದು ನರಪಿಳ್ಳೆ ಬಂದಿಲ್ಲ."

"ಬಂದಿದ್ರಪ್ಪ. ಪೆಟ್ಟಿಗೆಯೊಳಗೆ. ಒಂದು ಗಂಟೆ ಕೂತಿದ್ರು, ಹೋದ್ರು. ನಾನೇ ಕಣ್ಣಾರೆ ನೋಡಿದೆ."

"ಏಳು ಕೊಡ ಚೆಲ್ಲಿದ್ದೀವಿ ಕಣಿವೆಗೆ. ಕೆಳಗೆ ಮೇಯ್ತಿದ್ದ ಆಡುಗಳು ಇನ್ನೂ ಮನೆ ದಾರಿ ಹುಡುಕ್ತಾ ಇವೆ. ಒಂದು ಹೋತ ನಮ್ಮ ಗೌಡನ ಬಾಗಿಲಿಗೆ ಹೋಗಿ ಇಡೀ ರಾತ್ರಿ ಕೂಗಿದೆ, ಅವನ ಹೆಂಡತಿ ಗಂಡನೇ ಕುಡಿದು ಬಂದ ಅಂತ ಬಾಗಿಲು ತೆಗೆದಿಲ್ಲ."

ಅಡುಗೆಯಕ್ಕ ಒಳಗಿಂದ ನೀರು ತಂದುಕೊಟ್ಟಳು. "ತಪ್ಪು ನಂದು ಅಣ್ಣ. ನಿನ್ನ ಹೆಂಡತಿ ಕಂಬಳಿ ಡಿಶ್ ಮೇಲೆ ಹಾಕಿದ್ಲು. ನನ್ನ ಪರೀಕ್ಷೆ ಹೋಗ್ತಿತ್ತು."

ಅವನು ನೀರು ಕುಡಿದು, ತಂಗಿಯ ಮುಖ ನೋಡಿದ. ಐದನೇ ತರಗತಿಗೆ ಅವಳ ಶಾಲೆ ಬಿಡಿಸಿ ಕೊಡ ಕೈಗೆ ಕೊಟ್ಟವರು ಯಾರು ಎಂಬುದು ಇಬ್ಬರಿಗೂ ನೆನಪಿತ್ತು.

"ಪಾಸಾಗ್ತೀಯಾ?"

"ಗೊತ್ತಿಲ್ಲ."

"ಆಗದೇ ಇದ್ರೆ ಏಳು ಕೊಡದ ಶಾಪ ತಟ್ಟುತ್ತೆ, ನೋಡ್ಕೊ," ಎಂದು ಅವನು ಚಾಪೆ ಎಳೆದುಕೊಂಡು ಮಲಗಿದ.

ಫಲಿತಾಂಶ ಮುಂದಿನ ತಿಂಗಳ ಮೊದಲ ದಿನ ಹನ್ನೊಂದಕ್ಕೆ ಎಂದಿದ್ದರು. ಅದು ಮಂಗಳವಾರ ಎಂದು ಯಾರೂ ಲೆಕ್ಕ ಹಾಕಿರಲಿಲ್ಲ. ಹನ್ನೊಂದಕ್ಕೆ ಕಂಬದ ಮೇಲೆ ಲಂಗ ಏರಿತ್ತು. ಅಡುಗೆಯಕ್ಕ ಬುಡದಲ್ಲಿ ನಿಂತು ಮೇಲೆ ನೋಡಿದಳು, ಅತ್ತೆಯನ್ನು ನೋಡಿದಳು. ಮಾತು ಕೊಟ್ಟಿದ್ದಳು.

"ಇನ್ನೂ ಒಣಗಿಲ್ಲ," ಎಂದಳು ಅತ್ತೆ.

"ನಾನೇನೂ ಕೇಳ್ಲಿಲ್ಲ."

"ಕೇಳೋ ಹಾಗೆ ನಿಂತಿದ್ದೀಯ."

ಹನ್ನೊಂದೂಕಾಲಿಗೆ ಅತ್ತೆ ಹಣೆಗೆ ಕೈ ಹಿಡಿದಳು. ಎದುರುಗುಡ್ಡದ ಕಂಬಕ್ಕೆ ಏನೋ ಏರುತ್ತಿತ್ತು. ಅಲ್ಲಿಗೆ ಪಟ್ಟಣದಿಂದ ಇಂಟರ್ನೆಟ್ ನೇರ ಬರುತ್ತದಲ್ಲ. ಅಣ್ಣನ ಫೋನಿನಲ್ಲಿ ತಂಗಿಯ ಪರೀಕ್ಷೆ ನಂಬರನ್ನು ಅವನು ಬಂದಿದ್ದ ಸಂಜೆಯೇ ಮಗಳು ಬರೆದುಕೊಟ್ಟಿದ್ದಳು.

"ಏನು ಬಣ್ಣ ಅತ್ತೆ?"

"ತಡಿ. ಬಿಳಿ."

ಬಿಳಿ ಎಂದರೆ ಸಾವು. ಕತ್ತೆಗಳ ಗಂಟೆ ಅಡುಗೆಯಕ್ಕನ ಕಿವಿಯಲ್ಲಿ ಮೊಳಗಿತು.

"ತಡಿ ಅಂದ್ನಲ್ಲ. ಅದರ ಕೆಳಗೆ ಕೆಂಪು. ಅದರ ಕೆಳಗೆ ಹಳದಿ." ಅತ್ತೆ ಕಣ್ಣು ಕಿರಿದು ಮಾಡಿದಳು. "ಕರಿ ಕಂಬಳಿಯೂ ಬಂತು. ಈಗ ನಿಮ್ಮತ್ತಿಗೆಯ ಸೀರೆ. ಅದಾದ ಮೇಲೆ ಯಾರದ್ದೋ ಚೆಡ್ಡಿ."

"ಅಂದ್ರೆ ಏನರ್ಥ?"

ಅತ್ತೆ ನಲವತ್ತು ವರ್ಷದ ಅನುಭವವನ್ನೆಲ್ಲ ಒಟ್ಟು ಮಾಡಿ ಓದಿದಳು. "ಒಂದೇ ದಿನ ಒಬ್ಬ ಸತ್ತ, ಒಬ್ಬಳು ಹೆತ್ತಳು, ಉಪ್ಪು ಖಾಲಿಯಾಯ್ತು, ಸಾಹೇಬರೂ ಬಂದ್ರು. ಇಂಥ ದಿನ ನಾನು ನೋಡಿಲ್ಲ. ಒಂದೋ ನಿಮ್ಮಣ್ಣ ಹೊಸ ಭಟ್ಟಿ ಇಳಿಸಿ ಅವನೇ ಮೊದಲು ರುಚಿ ನೋಡಿದ್ದಾನೆ. ಇಲ್ಲಾ ನೀನು ಪಾಸಾಗಿದ್ದೀಯ."

ಅಡುಗೆಯಕ್ಕ ಕಂಬಕ್ಕೆ ಒರಗಿದಳು. ನಗು ಬಂತೋ ಅಳು ಬಂತೋ, ಸೆರಗಿನಲ್ಲಿ ಎರಡನ್ನೂ ಒರೆಸಿಕೊಂಡಳು.

"ಎರಡೂ ಆಗಿರಬಹುದು ಅತ್ತೆ."

"ಆಗಿರಬಹುದು," ಎಂದಳು ಅತ್ತೆ. ಆಮೇಲೆ ಯಾರೂ ಕೇಳದಿದ್ದರೂ, ಇನ್ನೂ ನೀರು ತೊಟ್ಟಿಕ್ಕುತ್ತಿದ್ದ ಲಂಗವನ್ನು ತಾನಾಗಿಯೇ ಇಳಿಸಿ, ಕರಿ ಕಂಬಳಿ ತೆಗೆದುಕೊಂಡು ಬಾ ಎಂದಳು.

"ಸಾಹೇಬರಿಲ್ಲವಲ್ಲ ಈಗ."

"ಎಂಟನೇ ಕ್ಲಾಸ್ ಪಾಸಾದೋಳು ನನ್ನ ಮುಂದೆ ನಿಂತಿಲ್ವೇನೆ? ಹೋಗು. ಅನ್ನದ ಅಗುಳು ಕೊಡವಿ ತಾ."